ಗುರುಗಳ ನಂಬರು

ಇದನ್ನು ಹೇಳಿದರೆ ಹೋಗುವುದು ನನ್ನ ಮಾನವೇ. ಅಂದಮೇಲೆ ಸುಳ್ಳೇಕೆ ಹೇಳಲಿ? ನನಗೆ ಸತ್ತವನ ಮೇಲೆ ಹೊಟ್ಟೆಕಿಚ್ಚಿತ್ತು. ನನಗಿಂತ ಮುಂಚೆ ನನ್ನ ಕುರ್ಚಿಯಲ್ಲಿದ್ದ ಅವನನ್ನು ಆಫೀಸೆಲ್ಲ 'ಗುರುಗಳು' ಅನ್ನುತ್ತಿತ್ತು. ಮಾತಿಗೆ ಮುಂಚೆ ಎರಡು ಸಲ ಕೆಮ್ಮುತ್ತಿದ್ದನಂತೆ, ಅದನ್ನೂ ಹೊಗಳುತ್ತಿದ್ದರು.

ಆಸ್ಪತ್ರೆಯ ಲ್ಯಾಬಿನಿಂದ ವಾರ್ಡಿಗೆ ವರದಿ ದಾಟಿಸುವ ಪ್ರೋಗ್ರಾಂ ನಮ್ಮದು. ಅದನ್ನು ಹಳೇ ಸರ್ವರಿನಿಂದ ಹೊಸದಕ್ಕೆ ಸಾಗಿಸುವಾಗ ಒಂದು ಫೈಲಿನಲ್ಲಿ ವಿಳಾಸ, ಪಾಸ್‌ವರ್ಡ್, ಸರ್ವರು ಕೆಟ್ಟರೆ ತಾನಾಗಿಯೇ ಕರೆ ಹೋಗಬೇಕಾದ ನಂಬರು ಎಲ್ಲ ಬದಲಿಸಬೇಕು. ನಂಬರು ಇನ್ನೂ ಗುರುಗಳದ್ದೇ ಇತ್ತು. ಎಲ್ಲಕ್ಕಿಂತ ಮೊದಲು ಅದನ್ನೇ ಅಳಿಸಿ ನನ್ನದು ಹಾಕಿದೆ.

ಮರುದಿನ ಊಟದ ಹೊತ್ತಿಗೆ, ಹೊಸ ಸರ್ವರು ನಿಂತುಹೋಗಿದೆ ಅಂತ ಯಾರೋ ಕೂಗಿದರು. ಫೋನು ನನ್ನ ಕೈಯಲ್ಲೇ ಇತ್ತು, ರಿಂಗಾಗಿರಲಿಲ್ಲ. ಓಡಿಬರುವಷ್ಟರಲ್ಲಿ ಎಲ್ಲ ಸರಿಹೋಗಿತ್ತು. ನನ್ನ ಕುರ್ಚಿ ಬೆಚ್ಚಗಿತ್ತು.

"ಭೇಷ್! ಗುರುಗಳ ಕೈಗುಣ ನಿನಗೂ ಬಂತಲ್ಲಯ್ಯಾ!" ಅಂದರು ಮ್ಯಾನೇಜರು. ನನ್ನ ಮೈಯೆಲ್ಲ ಉರಿಯಿತು.

ಸರ್ವರಿನ ದಾಖಲೆ ನೋಡಿದರೆ ಕರೆ ನನ್ನ ನಂಬರಿಗೇ ಹೋಗಿತ್ತು, ಯಾರೋ ಎತ್ತಿದ್ದರು. ರೆಕಾರ್ಡಿಂಗ್ ಕೇಳಿದೆ. ಎರಡು ಕೆಮ್ಮು. ಆಮೇಲೆ, "ನಾನೇ ನೋಡ್ಕೋತೀನಿ. ಪಾಪ, ಆ ಹೊಸಬನಿಗೆ ತೊಂದರೆ ಕೊಡಬೇಡಿ."

ಫೈಲಿನಲ್ಲಿ ಇವತ್ತಿಗೂ ನನ್ನ ನಂಬರೇ ಇದೆ. ಸರ್ವರು ಆಮೇಲೆ ಏಳು ಸಲ ನಿಂತಿದೆ. ನನ್ನ ಫೋನು ಒಂದು ಸಲವೂ ರಿಂಗಾಗಿಲ್ಲ.