ಹದಿನಾಲ್ಕು ಬರಹ, ಬೇರೆಯವರ ಹೆಸರು

“ಇದನ್ನ ಬರೆದಿದ್ದು ಯಾರು, ಸಂಗಮೇಶ್?”

ಪದ್ಮನಾಭನಗರದ ಸೈಬರ್ ಕೆಫೆಯ ಕೌಂಟರ್ ಮೇಲೆ ಲಿಖಿತಾ ಪ್ರಿಂಟ್‌ಔಟ್ ಇಟ್ಟಳು.

“ನೀವೇ ಬರ್ದೀರಲ್ರೀ...” ಎಂದ ಕೆಫೆ ನಡೆಸುವ ಸಂಗಮೇಶ.

“ಮತ್ತೆ ಕೆಳಗೆ ನಿಮ್ಮ ಹೆಸರು ಯಾಕಿದೆ?”

2005ರ ಮಾತಿದು. ಮಹಿಳಾ ತತ್ವಜ್ಞಾನಿಗಳ ವಿಚಾರಗಳನ್ನು ಪರಿಚಯಿಸುವ ಆನ್‌ಲೈನ್ ವಿಶ್ವಕೋಶವೊಂದಕ್ಕೆ ಲಿಖಿತಾ ಒಂದು ವರ್ಷದಿಂದ ಕನ್ನಡದಲ್ಲಿ ಬರೆಯುತ್ತಿದ್ದಳು. ಅವಳು ಕೈಯಲ್ಲಿ ಬರೆದು ತಂದರೆ, ಬಾಗಲಕೋಟೆ ಕಡೆಯ ಸಂಗಮೇಶ ಟೈಪ್ ಮಾಡಿ ಕಳಿಸುತ್ತಿದ್ದ.

ಎಂಥೆಂಥ ಹೆಂಗಸರು! ತಮ್ಮ ಯೋಚನೆ ಗಂಡನ ಹೆಸರಲ್ಲೋ ಗುರುವಿನ ಹೆಸರಲ್ಲೋ ಅಚ್ಚಾದರೂ ಯೋಚಿಸುವುದನ್ನು ಬಿಡದವರು. ಅವರ ಬಗ್ಗೆ ಬರೆಯುವಾಗ ಲಿಖಿತಾ ಎಷ್ಟೋ ಸಲ ಕಣ್ಣು ಒರೆಸಿಕೊಂಡಿದ್ದಳು. ಈಗ ಅವಳಿಗೂ ಅದೇ ಗತಿ. ನಾಳೆ ಅದೇ ಕೋಶದ ಸಹಸಂಪಾದಕಿ ಕೆಲಸಕ್ಕೆ ಸಂದರ್ಶನ. ಅದಕ್ಕೆಂದು ಪ್ರಿಂಟ್ ತೆಗೆಸಿದಾಗಲೇ ಇದು ಅವಳ ಕಣ್ಣಿಗೆ ಬಿದ್ದಿದ್ದು. ತೋರಿಸಲು ಅವಳ ಹೆಸರಿನಲ್ಲಿ ಒಂದು ಸಾಲೂ ಇರಲಿಲ್ಲ.

“ನನ್ನ ಅಕೌಂಟ್‌ನಿಂದ ಕಳಿಸಿದ್ದಕ್ಕ ತಾನಾಗೇ ನನ್ನ ಹೆಸರು ಬಂದೈತ್ರಿ. ತಿಂಗಳ ಹಿಂದ ನೋಡಿದೆ. ಸರಿ ಮಾಡ್ರಿ ಅಂತ ಕೋಶದವರಿಗೆ ಮೂರು ಮೇಲ್ ಹಾಕೀನಿ. ಉತ್ತರ ಇಲ್ಲ.”

“ತಿಂಗಳಿಂದ ಗೊತ್ತಿತ್ತಾ? ನನಗ್ಯಾಕೆ ಹೇಳ್ಲಿಲ್ಲ?”

ಅವನು ತಲೆ ತಗ್ಗಿಸಿದ. “ಹೇಳಿದ್ರ ನೀವು ಬರೋದು ಬಿಡ್ತೀರಿ ಅಂತ ಅಂಜಿದೆ.”

ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ತಿರುಗಿಯೂ ನೋಡದೆ ಹೊರಟುಹೋದಳು.

ಮರುದಿನ ಜಯನಗರದ ಆಫೀಸಿನಲ್ಲಿ ಸಂಪಾದಕಿ ಕಮಲಾದೇವಿ ಅವಳನ್ನು ಕೂರಿಸಿದರು. ಮೇಜಿನ ಮೇಲೆ ಹದಿನಾಲ್ಕು ಬರಹಗಳ ಹಾಳೆಗಳು... ಎಲ್ಲವೂ ಲಿಖಿತಾಳ ಕೈಬರಹ. ಟೈಪ್ ಆದ ಮೇಲೆ ಅವನ್ನು ಅವಳು ಮರೆತೇಬಿಟ್ಟಿದ್ದಳು. ಸಂಗಮೇಶ ಒಂದನ್ನೂ ಎಸೆದಿರಲಿಲ್ಲ.

“ಆಫೀಸ್ ಬಾಗಿಲು ತೆಗೆಯೋಕೆ ಮುಂಚೆನೇ ಒಬ್ರು ಬಂದು ನಿಂತಿದ್ರಮ್ಮ. ಬರ್ದಿದ್ದೆಲ್ಲ ಲಿಖಿತಾ, ನಾನು ಬರೀ ಟೈಪ್ ಮಾಡಿದೋನು ಅಂತ ಸಹಿ ಹಾಕಿ ಕೊಟ್ರು. ಹೆಸರು ಸರಿ ಮಾಡಿದ್ದೀವಿ, ನೋಡಿ. ಎಷ್ಟು ಚೆನ್ನಾಗಿ ಬರೀತೀರಮ್ಮ ನೀವು!”

ಪರದೆಯ ಮೇಲಿದ್ದ ತನ್ನ ಹೆಸರನ್ನು ಲಿಖಿತಾ ಮತ್ತೆ ಮತ್ತೆ ಓದಿದಳು.

ಸಂಜೆ ಅವಳು ಕೆಫೆಗೆ ಬಂದಳು.

“ಕೆಲಸ ಸಿಕ್ತು.”

“ಭಾಳ ಖುಷಿ ಆತ್ರಿ. ಇನ್ನ ನಿಮಗ ಇಲ್ಲಿ ಬರೋ ಕೆಲಸ ಇಲ್ಲ.”

“ಕೆಲಸ ಇಲ್ದೇನೂ ಬಂದಿದ್ದೀನಲ್ಲ... ಇನ್ಮೇಲೆ ನನ್ನಿಂದ ಏನೂ ಮುಚ್ಚಿಡಬಾರ್ದು.”

“ಹಂಗಾದ್ರ ಒಂದು ಐತ್ರಿ, ಈಗ್ಲೇ ಹೇಳಿಬಿಡ್ತೀನಿ. ಮೊದಲನೇ ಬರಹ ಟೈಪ್ ಮಾಡಿದ ದಿನದಿಂದ ನನಗ ನಿಮ್ಮ ಮ್ಯಾಲೆ ಪ್ರೀತಿ.”

“ಅದನ್ನೂ ಒಂದು ವರ್ಷ ಮುಚ್ಚಿಟ್ರಾ?” ಎನ್ನುತ್ತ ಲಿಖಿತಾ ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತಳು.