ರಬ್ಬರು ಹಿಡಿದ ಗಾಜು

ಪವಿತ್ರಾ ಚಲುವರಾಜುವಿನ ಜೊತೆ ಆಡಿದ ಮೊದಲ ಮಾತೇ ಜಗಳ.

ಹುಣಸೂರಿನ ಬಸ್ ಸ್ಟ್ಯಾಂಡ್ ಪಕ್ಕದ ಹೂವಿನಂಗಡಿ ಅವಳದು. ಮದುವೆ ಕಾರುಗಳಿಗೆ ಹೂವಿನ ಅಲಂಕಾರ ಮಾಡುವುದರಲ್ಲಿ ಅವಳ ಕೈ ಪಳಗಿತ್ತು. ಪಿರಿಯಾಪಟ್ಟಣದ ಚಲುವರಾಜು ಕೊಡಗಿನ ಕಾಫಿ ಸಾಹುಕಾರರೊಬ್ಬರಿಂದ ಹಳೆಯ ವಿದೇಶಿ ಕಾರೊಂದನ್ನು ಕೊಂಡು ಮದುವೆಗಳಿಗೆ ಬಾಡಿಗೆಗೆ ಓಡಿಸುತ್ತಿದ್ದ. ಅದಕ್ಕೆ ಎರಡೇ ಬಾಗಿಲು. ಕಿಟಕಿಗೆ ಚೌಕಟ್ಟಿಲ್ಲ, ಬಾಗಿಲು ತೆರೆದರೆ ಬರೀ ಗಾಜು ನೆಟ್ಟಗೆ ನಿಂತಿರುತ್ತಿತ್ತು. ಆ ಗಾಜಿನ ತುದಿಗೆ ಅವಳು ಸೇವಂತಿಗೆ ಸರ ಸಿಕ್ಕಿಸಿ ಬಾಗಿಲು ಹಾಕಿದಳು. ಗಾಜು ತಾನಾಗಿ ಮೇಲೇರಿತು. ಸರ ಕತ್ತರಿಸಿ ಬಿತ್ತು.

"ಏನ್ರೀ ಇದು! ನಿಮ್ಮ ಗಾಜಿಗೆ ದೆವ್ವ ಹಿಡಿದದಾ?"

"ಅದು ಅಂಗೇ ಕಣ್ರೀ. ಹಿಡಿ ಎಳೆದ್ರೆ ಗಾಜು ಒಂಚೂರು ಇಳೀತದೆ, ಬಾಗ್ಲು ಹಾಕಿದ್ಮೇಲೆ ಏರಿ ರಬ್ಬರೊಳಗೆ ಕೂತ್ಕತದೆ."

"ಮೊದ್ಲೇ ಯೋಳಾಕೇನಾಗಿತ್ತು?"

"ನೀವು ಮಾತಾಡಾಕೆ ಬುಟ್ರಾ?"

ಅವಳಿಗೆ ನಗು ಬಂತು. ತೋರಿಸಿಕೊಳ್ಳಲಿಲ್ಲ.

ಆಮೇಲೆ ಎಷ್ಟೋ ಮದುವೆಗಳಾದವು. ಅವಳು ಹೂ ಕಟ್ಟುವಾಗ ಅವನು ದಾರದ ತುದಿ ಹಿಡಿದು ನಿಲ್ಲುತ್ತಿದ್ದ. ಅವಳು ತಲೆ ಎತ್ತಿದರೆ ತಟ್ಟನೆ ಆಕಾಶ ನೋಡುತ್ತಿದ್ದ, ಅಲ್ಲೇನೋ ಬರೆದಿರುವ ಹಾಗೆ. ಅವಳು ತಲೆ ತಗ್ಗಿಸಿದ ಮೇಲೆ ಮತ್ತೆ ಅವಳನ್ನೇ. ಅದು ಅವಳಿಗೆ ಗೊತ್ತಿತ್ತು. ಅದಕ್ಕೇ ಬೇಕೆಂದೇ ನಿಧಾನವಾಗಿ ಕಟ್ಟುತ್ತಿದ್ದಳು. ಆದರೆ ಅವನು ಬಾಯಿ ಬಿಡಲಿಲ್ಲ.

ಆ ಜನವರಿಯಲ್ಲಿ ಅಂತರಸಂತೆಯ ಪುಟ್ಟಮಲ್ಲಪ್ಪನ ಮಗಳ ಮದುವೆ. ಬೆಳಗ್ಗೆ ಹೆಣ್ಣನ್ನು ಎಚ್.ಡಿ. ಕೋಟೆಯ ಛತ್ರಕ್ಕೆ ಕರೆದೊಯ್ಯಬೇಕು. ನಸುಕಿನಲ್ಲಿ ಕಾಡಿನ ಕಡೆಯಿಂದ ಮಂಜು ಇಳಿದು ಅವನ ಮನೆ ಮುಂದೆ ನಿಂತ ಕಾರಿನ ಮೇಲೆಲ್ಲ ಕೂತಿತ್ತು. ಅವಳಿಗೆ ಬೆಳಕಿರಲಿ ಎಂದು ಚಲುವರಾಜು ಇಂಜಿನ್ ಆಫ್ ಮಾಡಿ ಕಾರಿನ ದೀಪಗಳನ್ನೆಲ್ಲ ಹಾಕಿದ್ದ, ಬೇಜಾರಾಗದಿರಲಿ ಎಂದು ಟೇಪ್ ಕೂಡ. ಹಿಂದಿನ ಗಾಜಿಗೆ ಒಳಗಿನಿಂದ ಹೂ ಸಿಕ್ಕಿಸಲು ಅವಳು ಒಳಗೆ ಕೂತು, ಚಳಿಗೆ ಬಾಗಿಲೆಳೆದುಕೊಂಡಳು. ಗಾಜು ನರಳುತ್ತಾ ಮೇಲೇರಿತು. ಆ ಕ್ಷಣವೇ ದೀಪ, ಹಾಡು ಎಲ್ಲವೂ ಸತ್ತವು.

ಅವಳು ಹಿಡಿಗೆ ಕೈ ಹಾಕಿದಳು. ಹೊರಗಿನಿಂದ ಅವನು ಓಡಿಬಂದು, ಬೇಡ ಬೇಡ ಎಂದು ಕೈಯಾಡಿಸಿದ. ಎರಡು ಕೈಯನ್ನೂ ಅರಳಿಸಿ ಏನೋ ಚೂರಾಗುವಂತೆ ತೋರಿಸಿದ. ಅವಳಿಗೆ ನೆನಪಾಯಿತು: ಬ್ಯಾಟರಿ ಹೋದರೆ ಯಾವ ಬಾಗಿಲ ಗಾಜೂ ಇಳಿಯುವುದಿಲ್ಲ, ಚಳಿಗೆ ಬಿರುಸಾದ ರಬ್ಬರು ಅದನ್ನು ಕಚ್ಚಿ ಹಿಡಿಯುತ್ತದೆ. ಹೋದ ವರ್ಷ ಕೊಪ್ಪದಲ್ಲಿ ಹೀಗೇ ಜೋರಾಗಿ ಎಳೆದು ಒಂದು ಗಾಜು ಒಡೆದಿತ್ತು.

ಪುಟ್ಟಮಲ್ಲಪ್ಪ ಟ್ರ್ಯಾಕ್ಟರ್ ತರಲು ಹೋದ. ಮನೆಯೊಳಗೆ ಹೆಣ್ಣಿಗೆ ಸೀರೆ ಉಡಿಸುತ್ತಿದ್ದರು. ಚಲುವರಾಜು ಅಂಗೈಯಿಂದ ಗಾಜಿನ ಮಂಜು ಒರೆಸಿದ. ಅವನ ಮುಖ ಅಷ್ಟು ಹತ್ತಿರ ಅವಳೆಂದೂ ಕಂಡಿರಲಿಲ್ಲ. ರೆಪ್ಪೆಯ ಮೇಲೂ ಹನಿ. ಈ ಸಲ ಅವನು ಆಕಾಶ ನೋಡಲಿಲ್ಲ.

ಗಾಜು ಮುಚ್ಚಿದೆ ಎಂಬ ಧೈರ್ಯದಲ್ಲಿ ಅವಳು ಹೇಳಿಯೇಬಿಟ್ಟಳು.

"ಮಧ್ಯಾಹ್ನ ಭೇರ್ಯದಿಂದ ನನ್ನ ನೋಡಾಕೆ ಬತ್ತಾವ್ರೆ ಕಣೋ. ಒಪ್ಕೊ ಅಂತಾಳೆ ಅವ್ವ. ದಾರ ಹಿಡ್ಕೊಂಡು ನಿಂತ್ಕಳಾದೊಂದೇ ಗೊತ್ತಾ ನಿಂಗೆ? ಒಂದ್ ಮಾತು ಕೇಳಿದ್ರೆ ನಾನು ಹೂಂ ಅಂತಿದ್ನಲ್ಲೋ."

ಅವನ ಕೈ ಗಾಜಿನ ಮೇಲೆ ನಿಂತುಹೋಯಿತು. ಚಳಿಗಿರಬೇಕು ಅಂದುಕೊಂಡಳು.

ಅವನು ಬಚ್ಚಲೊಲೆಯಿಂದ ಉಗುರುಬೆಚ್ಚಗಿನ ನೀರು ತಂದು, ಬಟ್ಟೆ ಅದ್ದಿ ರಬ್ಬರಿನುದ್ದಕ್ಕೂ ಒತ್ತುತ್ತಾ ಹೋದ. ಆಮೇಲೆ ಬಾಗಿ, ಕಿಟಕಿಯ ಮೂಲೆಗೆ ಬಾಯಿಟ್ಟು ಹೇಳಿದ: "ನಾನು ರಬ್ಬರು ಎತ್ತಿ ಹಿಡ್ಕತೀನಿ. ನೀವು ಹಿಡಿ ಎಳೆದು ನಿಧಾನಕ್ಕೆ ತಳ್ಳಿ."

ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟ.

"ಅಯ್ಯೋ, ಕೇಳಿಸ್ತದಾ?"

"ಚೌಕಟ್ಟಿಲ್ವಲ್ಲ, ಈ ಮೂಲೇಲಿ ಸಂದಿ ಅದೆ."

"ಅಂದ್ರೆ... ನಾನಂದಿದ್ದು?"

"ಎಲ್ಲಾ ಕೇಳಿಸ್ತು."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಮೊದ್ಲು ತಳ್ಳಿ ಪವಿತ್ರಾ, ಆಮೇಲೆ ನಾಚ್ಕಳಿ," ಎಂದ ಅವನು. ಅವಳು ಕಣ್ಮುಚ್ಚಿ ತಳ್ಳಿದಳು. ಗಾಜು ಕಿರ್ರೆಂದು ರಬ್ಬರಿನಿಂದ ಜಾರಿ ಹೊರಬಂತು, ಒಡೆಯಲಿಲ್ಲ.

ಇನ್ನು ಕಾರಿಗೆ ಕರೆಂಟು ಬರುವ ತನಕ ಬಾಗಿಲು ಹಾಕುವಂತಿಲ್ಲ, ಇಳಿಯದ ಗಾಜು ಚಾವಣಿಯ ಅಂಚಿಗೆ ಬಡಿಯುತ್ತದೆ. ಅವನು ಬಾಗಿಲು ಹಿಡಿದು ನಿಂತ. ಅವಳು ಇಳಿದು, ಅವನ ಮುಖ ನೋಡಲಾರದೆ, ಕಟ್ಟಿದ ಹೂವನ್ನೇ ಬಿಚ್ಚಿ ಮತ್ತೆ ಕಟ್ಟಿದಳು. ಟ್ರ್ಯಾಕ್ಟರ್ ಬ್ಯಾಟರಿಯಿಂದ ವೈರೆಳೆದು ಕಾರಿಗೆ ಜೀವ ಬರಿಸಿದರು. ಬ್ಯಾಟರಿ ಸತ್ತಿದ್ದರಿಂದ ಗಾಜು ಎಲ್ಲಿ ನಿಲ್ಲಬೇಕೆಂಬುದನ್ನೇ ಮರೆತಿತ್ತು. ಅವನು ಸ್ವಿಚ್ ಒತ್ತಿಹಿಡಿದು ಪೂರ್ತಿ ಇಳಿಸಿ, ಪೂರ್ತಿ ಏರಿಸಿ ಕಲಿಸಿದ. ಹೆಣ್ಣು ಮುಹೂರ್ತಕ್ಕೆ ಮೊದಲೇ ಛತ್ರ ಸೇರಿದಳು.

ಪವಿತ್ರಾ ಛತ್ರದ ಮುಂದೆ ಇಳಿದು, ಹೂಬುಟ್ಟಿ ಎತ್ತಿಕೊಂಡು ಬಸ್ಸಿಗೆ ಹೊರಟಳು. ಅವನು ಅಡ್ಡ ಬಂದ.

"ಕಾರು ಹತ್ತಿ. ನಿಮ್ಮವ್ವನ ತಾವಕ್ಕೆ ಹೋಗಾನ."

"ಇಷ್ಟು ದಿನ ಇಲ್ಲದ ಧೈರ್ಯ ಈಗೆಲ್ಲಿಂದ ಬಂತು?"

"ನೀವು ಇಲ್ಲ ಅಂದ್ಬುಟ್ರೆ, ಆಮೇಲೆ ನನ್ ಕಾರಿಗೆ ಹೂ ಕಟ್ಟಾಕೂ ಬರಲ್ವಲ್ಲ ಅಂತ ಭಯ ಕಣ್ರೀ. ಅಷ್ಟೊತ್ತು ನಿಮ್ಮನ್ನ ನೋಡ್ಬೋದಿತ್ತು. ಅದೂ ಹೋಗ್ಬುಡ್ತದೆ ಅಂತ."

ಅವಳು ಬುಟ್ಟಿಯನ್ನು ಅವನ ಕೈಗಿತ್ತು ಮುಂದಿನ ಸೀಟಿನಲ್ಲಿ ಕೂತಳು.

ಹುಣಸೂರಿನ ಮನೆಯಲ್ಲಿ ಪವಿತ್ರಾಳ ಅವ್ವ ಬೀರಮ್ಮ ಹೊಸ ಚಾಪೆ ಹಾಸಿ ಕಾಯುತ್ತಿದ್ದಳು. ಚಲುವರಾಜು ಬಾಗಿಲಲ್ಲೇ ನಿಂತು, ಉಸಿರು ತೆಗೆದುಕೊಳ್ಳದೆ ಹೇಳಿದ: "ಅವ್ವಾ, ನಾನು ಪಿರಿಯಾಪಟ್ಟಣದ ಚಲುವರಾಜು. ಪವಿತ್ರಾನ ನಂಗೆ ಕೊಡಿ ಅಂತ ಕೇಳಾಕೆ ಬಂದೆ."

ಬೀರಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮಗಳ ಕಡೆ ತಿರುಗಿದಳು. "ನೀನೇನಂತೀಯೇ?"

"ಹೂಂ ಕಣವ್ವ."

ಅಷ್ಟು ಗಟ್ಟಿಯಾಗಿ ಅವಳು ಅಂಗಡಿಯಲ್ಲೂ ಕೂಗಿರಲಿಲ್ಲ.

ಬೀರಮ್ಮ ಹಾಸಿದ ಚಾಪೆಯ ಸುಕ್ಕು ಸರಿಮಾಡಿದಳು. ಆಮೇಲೆ ಎದ್ದು ಒಳಗೆ ಹೊರಟವಳು ಹೊಸಿಲಲ್ಲಿ ನಿಂತಳು.

"ಭೇರ್ಯದವರು ಹೊರಡಾಕೆ ಮುಂಚೆ ಫೋನ್ ಮಾಡು, ಪಾಪ, ಸುಮ್ನೆ ಅಲೆದಾಡೋದು ಬ್ಯಾಡ. ಕೇಸರಿಬಾತ್ ಮಾಡಿವ್ನಿ, ಆರೋಗ್ತದೆ. ಬಂದಿರೋನಿಗೆ ಹಾಕ್ಕೊಡು."