ಟ್ರಂಪೆಟ್ ಇಲ್ಲದ ಸಾಲು

“ಅಕ್ಕಾ, ಬುರಾ ಮತ್ ಮಾನೋ, ಸಿಟ್ಟಾಗಬ್ಯಾಡ್ರಿ… ಹಾಡಿನ ಆ ಖಾಲಿ ಸಾಲಿನ್ಯಾಗ ನಾ ಗಿಟಾರ್ ಬಾರಿಸ್ಲೇನು?”

ಪೂವಪ್ಪ ಕೇಳಿದ್ದು ಇಷ್ಟೇ. ಮುಲುಂಡಿನ ಕ್ಲಬ್ಬಿನಲ್ಲಿ ಸಂಜೆಯ ಕುಣಿತಕ್ಕೆ ಮೊದಲು ಬ್ಯಾಂಡಿನವರ ಪ್ರಾಕ್ಟೀಸು ನಡೆದಿತ್ತು. ಡ್ರಮ್ಮಿನವನ ಕೈ ಗಾಳಿಯಲ್ಲೇ ನಿಂತಿತು. ಮೈಕಿನ ಮುಂದಿದ್ದ ರುದ್ರವ್ವ ತಿರುಗಿ ನೋಡಿದಳು. ಪೂವಪ್ಪನನ್ನಲ್ಲ, ಗದಿಗೆಪ್ಪನನ್ನು. ಅವನು ತಲೆ ತಗ್ಗಿಸಿ ತನ್ನ ಸ್ಯಾಕ್ಸೊಫೋನು ಒರೆಸುತ್ತಿದ್ದ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ.

ಮೊನ್ನೆ ಮೊನ್ನೆ ಬ್ಯಾಂಡಿಗೆ ಸೇರಿದ ಪೂವಪ್ಪನಿಗೆ ಏನು ಗೊತ್ತು, ಪಾಪ?

ಈ ಬ್ಯಾಂಡು ಹುಟ್ಟಿದ್ದು ಭಾಂಡುಪಿನ ಚಾಳಿನಲ್ಲಿ, ಮದುವೆ ಮೆರವಣಿಗೆಯ ಕೆಂಪು ಕೋಟಿನೊಳಗೆ. ರುದ್ರವ್ವನ ಗಂಡ ಶಂಕ್ರೆಪ್ಪ ವಿಜಾಪುರದ ಕಡೆಯ ಸನಾದಿ ಊದುವ ಮನೆತನದವನು; ಮುಂಬಯಿಗೆ ಬಂದು ಟ್ರಂಪೆಟ್ ಹಿಡಿದ. ಕುದುರೆ ಏರಿದ ಮದುಮಗನ ಮುಂದೆ ಊದಿ ಊದಿ ಬೇಸತ್ತು, ಗೋವಾದ ಮಾಸ್ತರನೊಬ್ಬನ ಹತ್ತಿರ ಕ್ಲಬ್ಬಿನ ಕುಣಿತದ ಧಾಟಿಗಳನ್ನು ಕಲಿತ. ಗೆಳೆಯ ಗದಿಗೆಪ್ಪನಿಗೆ ಸ್ಯಾಕ್ಸೊಫೋನ್ ಕಲಿಸಿದ. ಧೋಲು ಹೋಗಿ ಡ್ರಮ್ ಬಂತು, ಕೆಂಪು ಕೋಟು ಹೋಗಿ ಕರಿ ಕೋಟು ಬಂತು. ರುದ್ರವ್ವ ಬೀಸುಕಲ್ಲಿನ ಮುಂದೆ ಗುನುಗುತ್ತಿದ್ದ ಪದದ ಮೇಲೆ ವಾಲ್ಟ್ಸ್ ಕುಣಿತದ ಒಂದು ಹಾಡು ಕಟ್ಟಿ, ಅವಳನ್ನೇ ಮೈಕಿನ ಮುಂದೆ ನಿಲ್ಲಿಸಿದ. ಕ್ಲಬ್ಬಿನವರು ಅವಳಿಗೆ ರೂಬಿ ಎಂದು ಹೆಸರಿಟ್ಟರು. ಎತ್ತರದ ಹಿಮ್ಮಡಿಯ ಚಪ್ಪಲಿ ಮೆಟ್ಟಿದ ಮೇಮ್‌ಸಾಬರು ಜೋಳ ಬೀಸುವ ಪದಕ್ಕೆ ಕುಣಿದದ್ದನ್ನು ನೆನೆದು, ಗಂಡಹೆಂಡಿರು ಲೋಕಲ್ ರೈಲಿನಲ್ಲಿ ನಕ್ಕಿದ್ದೇ ನಕ್ಕಿದ್ದು.

ಎಪ್ಪತ್ತೆರಡನೆಯ ಇಸವಿಯಲ್ಲಿ ಶಂಕ್ರೆಪ್ಪ ಎದೆಯ ಜಡ್ಡಿನಿಂದ ತೀರಿಕೊಂಡ.

ಅವರ ಮನೆತನದಲ್ಲಿ ಒಂದು ರೂಢಿ. ಊದುವವ ಸತ್ತರೆ ವರ್ಷ ತುಂಬುವವರೆಗೆ ಅವನ ಪಾಲಿನ ಸಾಲನ್ನು ಯಾರೂ ಊದಬಾರದು. ತಾಳ ಮಾತ್ರ ನಡೆಯಬೇಕು. ವರ್ಷ ತುಂಬಿದ ಮೇಲೆ ಒಬ್ಬ ಬಂದು, ಸತ್ತವನ ಹೆಂಡತಿಯ ಅಪ್ಪಣೆ ಬೇಡಿ ಆ ಸಾಲನ್ನು ಹೊರಬೇಕು. ಇಲ್ಲದಿದ್ದರೆ ಸತ್ತವ ಅಲ್ಲಿಯೇ ನಿಂತಿರುತ್ತಾನೆ, ಬರಲಾರ, ಹೋಗಲಾರ.

ವರ್ಷ ತುಂಬಿತು. ಗದಿಗೆಪ್ಪ ಬೇಡಲಿಲ್ಲ. ಮತ್ತೆರಡು ವರ್ಷ ಹಾಗೆಯೇ ಸಂದವು. ಕ್ಲಬ್ಬಿನ ಜನ ಆ ಮೌನಕ್ಕೇ ಮರುಳಾದರು. ಟ್ರಂಪೆಟ್ ಬರಬೇಕಾದಲ್ಲಿ ದೀಪ ಮಂಕಾಗುತ್ತಿತ್ತು, ಜೋಡಿಗಳು ಕೆನ್ನೆಗೆ ಕೆನ್ನೆ ಹಚ್ಚಿ ನಿಂತುಬಿಡುತ್ತಿದ್ದವು. ಬ್ಯಾಂಡಿಗೆ ಹೆಸರು ಬಂದದ್ದೇ ಅದರಿಂದ.

ರುದ್ರವ್ವನಿಗೆ ಮಾತ್ರ ಅದು ಮೌನವಾಗಿರಲಿಲ್ಲ. ಅಲ್ಲಿ ಅವಳ ಎಡಗಿವಿಯ ಹತ್ತಿರ ಯಾರೋ ಉಸಿರು ಎಳೆದುಕೊಳ್ಳುತ್ತಿದ್ದರು. ಊದಲಿಕ್ಕೆಂದು ಎಳೆದ ಉಸಿರು. ಹೊರಗೆ ಬಾರದ ಉಸಿರು.

“ಹೇಳ್ತೀನಿ ಪೂವಪ್ಪಾ,” ಎಂದಳು. “ಎಲ್ಲಾರೂ ಮೊದಲ ಚಾ ಕುಡದ ಬರ್ರಿ.”

ಹಾಲ್ ಬರಿದಾಯಿತು. ಗದಿಗೆಪ್ಪ ಕೂತಲ್ಲೇ ಒರೆಸುತ್ತ ಕೂತಿದ್ದ.

“ಸಾಕ್ ಬಿಡೋ ಮಾರಾಯಾ, ಹಿತ್ತಾಳಿ ಸವದೀತು,” ಎಂದಳು ರುದ್ರವ್ವ.

ಅವನು ನಗಲಿಲ್ಲ. “ಕೊಟ್ಟಬಿಡು ಅಂವಗ. ಚಲೋ ಬಾರಿಸ್ತಾನ.”

“ಕೊಡ್ತೀನಿ. ನಿನಗೇನೂ ಅನಸೂದಿಲ್ಲ?”

“ನನಗೇನ ಅನಸಬೇಕು?”

“ಅವರು ಊದೂದು ಕಲಿಸಿದ್ದು ನಿನಗ. ವರ್ಷ ತುಂಬಿದ ದಿನಾ ನೀ ಬರ್ತಿ ಅಂತ ಬಾಗಲಾ ತಗದ ಇಟಗೊಂಡ ಕೂತಿದ್ನಿ. ಚಾಳಿನ ಮಂದಿ ಎಲ್ಲಾ ಬಂದ್ರು. ನೀ ಬರಲಿಲ್ಲ. ಯಾಕ ಕೇಳಲಿಲ್ಲ, ಗದಿಗೆಪ್ಪಾ?”

ಅವನು ಇಷ್ಟು ದಿನ ಅವಳನ್ನು ನೇರ ನೋಡಿದ್ದೇ ಇಲ್ಲ. ಸ್ಯಾಕ್ಸೊಫೋನಿನ ಹೊಳಪಿನಲ್ಲಿ ಸೊಟ್ಟಗೆ ಬೀಳುವ ಅವಳ ಮುಖವನ್ನು ಕದ್ದು ನೋಡುತ್ತಿದ್ದ. ಅದು ಅವಳಿಗೂ ಗೊತ್ತಿತ್ತು. ವೇದಿಕೆಯ ನೆವದಲ್ಲಿ ಮುಡಿಯುವ ಹೂವನ್ನು ಅವಳು ಆ ಬದಿಗೇ ಸಿಕ್ಕಿಸುತ್ತಿದ್ದಳು. ಈಗ ಅವನು ಕಣ್ಣೆತ್ತಿದ. ಆ ನೋಟಕ್ಕೆ ಅವಳು ಸೆರಗು ಸರಿಪಡಿಸಿಕೊಂಡಳು, ಸರಿಯಾಗಿಯೇ ಇದ್ದ ಸೆರಗನ್ನು.

“ಸಾಲು ಕೇಳಾಕ ಬಾಯಿ ತಗದ್ರ ಅದೊಂದ ಬರ್ತಿರಲಿಲ್ಲ,” ಎಂದ. “ನಿನ್ನೂ ಕೇಳಿಬಿಡ್ತಿದ್ನಿ. ಗೆಳ್ಯಾ ಸಾಯೂದನ್ನ ಕಾಯ್ತಿದ್ದ ಅಂತ ಆಗತಿತ್ತು.”

“ಅದಕ್ಕ ಅವರನ್ನ ಇಷ್ಟ ದಿನಾ ನಿಲ್ಲಿಸಿದಿ?”

ಅವನ ಮುಖ ಬಿಳಿಚಿತು. “ನಿನಗೂ ಕೇಳಸ್ತೈತೇನು? ಆ ಉಸಿರು?”

“ನನ್ನ ಎಡಕ್ಕ.”

“ನನಗ ಬಲಕ್ಕ.”

ವೇದಿಕೆಯ ಮೇಲೆ ಅವನು ನಿಲ್ಲುವುದು ಅವಳ ಎಡಬದಿಗೆ. ಇಬ್ಬರ ನಡುವೆ ಒಂದಾಳು ನಿಲ್ಲುವಷ್ಟು ಜಾಗ. ಇಬ್ಬರೂ ಆ ಜಾಗವನ್ನೇ ನೋಡಿದರು. ಕಿಟಕಿ ಮುಚ್ಚಿತ್ತು, ಆದರೂ ಸ್ಟ್ಯಾಂಡಿನ ಮೇಲಿನ ಹಾಳೆ ಒಮ್ಮೆ ಎದ್ದು ಮಲಗಿತು.

“ಈಗ ಕೇಳು,” ಎಂದಳು ರುದ್ರವ್ವ, ಸಣ್ಣ ದನಿಯಲ್ಲಿ. “ಎರಡೂ ಕೇಳು. ಒಂದಕ್ಕ ಈಗ ಹೂಂ ಅಂತೀನಿ. ಇನ್ನೊಂದಕ್ಕ ನೀ ಊದೂದ ಕೇಳಿ ಹೇಳ್ತೀನಿ.”

ಗದಿಗೆಪ್ಪ ಎದ್ದು ಕೈಮುಗಿದು ಕೇಳಿದ. ಮೊದಲನೆಯದನ್ನು ಗಟ್ಟಿಯಾಗಿ, ಎರಡನೆಯದನ್ನು ಅವಳಿಗೆ ಮಾತ್ರ ಕೇಳುವಷ್ಟು.

ಚಹಾ ಕುಡಿದು ಬಂದ ಪೂವಪ್ಪ, ವಿಷಯ ತಿಳಿದು ಹಲ್ಲು ಕಿರಿದ. “ಅಚ್ಛಾ! ನಾ ಕೇಳದಿದ್ರ ಮಾಮಾ ಕೇಳ್ತಿರಲಿಲ್ಲ ನೋಡ್ರಿ.”

ಜನ ತುಂಬಿದರು. ವಾಲ್ಟ್ಸ್ ಶುರುವಾಯಿತು. ಆ ಸಾಲು ಬಂತು, ದೀಪ ಮಂಕಾಯಿತು, ಜೋಡಿಗಳು ನಿಂತವು. ರುದ್ರವ್ವನ ಕಿವಿಯ ಬಳಿ ಉಸಿರು ಎಳೆದ ಸದ್ದು.

ಅಷ್ಟರಲ್ಲಿ ಗದಿಗೆಪ್ಪ ಊದಿದ.

ಶಂಕ್ರೆಪ್ಪನಂತೆ ಅಲ್ಲ. ಟ್ರಂಪೆಟ್ ಬೆಳಗು ಹರಿದಂತೆ ಏರುತ್ತಿತ್ತು. ಇದು ತಗ್ಗಿನಲ್ಲಿ, ಜೋಳದ ಹಿಟ್ಟಿನಂತೆ ಮೆಲ್ಲಗೆ ಸುರಿಯಿತು. ತಡೆದು ನಿಂತ ಉಸಿರು ಅದರ ಜೊತೆಗೇ ಉದ್ದಕ್ಕೆ ಹೊರಬಿತ್ತು. ಆಮೇಲೆ ಅವಳ ಎಡಗಿವಿಯ ಬಳಿ ಬರೀ ಗಾಳಿ.

ಹಾಡು ಎತ್ತಿಕೊಳ್ಳುವ ಹೊತ್ತು ಬಂದು ದಾಟಿಹೋಯಿತು. ಅವಳು ಹಾಡಲಿಲ್ಲ. ಡ್ರಮ್ಮಿನವ ಗಾಬರಿಯಾಗಿ ತಾಳವನ್ನು ಸುತ್ತಿಸಿದ. “ಅಕ್ಕಾ, ಹಾಡ್ರೀ!” ಪೂವಪ್ಪ ಹಿಂದಿನಿಂದ ಪಿಸುಗುಟ್ಟಿದ.

ರುದ್ರವ್ವ ಮೈಕನ್ನು ಅಂಗೈಯಿಂದ ಮುಚ್ಚಿ ಗದಿಗೆಪ್ಪನತ್ತ ಬಾಗಿದಳು. ಕೆನ್ನೆ ಒದ್ದೆಯಾಗಿತ್ತು.

“ಅವರು ಹೋದ್ರು,” ಎಂದಳು. “ನೀ ಹೋಗಬ್ಯಾಡ.”